ತರೀಕೆರೆಯ ಟ್ರಾಂ, ಟ್ಯೂನಿಸ್ಸಿನ ಹಗುರ ರೈಲು



ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ರೈಲು ಇತ್ತು. ಸಣ್ಣ ರೈಲು. ಕಾಗದಪತ್ರಗಳಲ್ಲಿ ಅದನ್ನು ಟ್ರಾಂ ಎಂದೂ ಬರೆದಿದ್ದಾರೆ. ಇಂದಿನ ಮಕ್ಕಳಿಗೆ ಈ ಮಾತು ಹೇಳಿದರೆ ನಂಬುವುದು ಕಷ್ಟ. ಅವರು ಕಂಡಿರುವುದು ಆ ದಾರಿಯ ಬಸ್ಸು, ಜೀಪು, ಲಾರಿ. ನರಸಿಂಹರಾಜಪುರಕ್ಕೆ ಇವತ್ತು ರೈಲೇ ಇಲ್ಲ. ಆದರೆ 100 ವರ್ಷದ ಹಿಂದೆ ಇತ್ತು.

ಇವತ್ತಿನ ನನ್ನ ಮಾತು ಆ ಸಣ್ಣ ರೈಲಿನಿಂದ ಶುರುವಾಗುತ್ತದೆ. ಅಲ್ಲಿಂದ ಆಫ್ರಿಕಾ ಖಂಡದ ಉತ್ತರ ದಡದಲ್ಲಿರುವ ಒಂದು ರಾಜಧಾನಿಗೆ ಹೋಗಿಬರೋಣ. ಆಮೇಲೆ ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಗಳ ಇಂದಿನ ಹಳಿಗಳನ್ನು ನೋಡೋಣ. ಕೇಳುವಾಗ ಇವು ಮೂರು ಬೇರೆ ಬೇರೆ ಸಂಗತಿ ಅನ್ನಿಸಬಹುದು. ಆದರೆ ಪ್ರಶ್ನೆ ಒಂದೇ. ಊರ ಪಕ್ಕದಲ್ಲಿ ಹಳಿ ಹಾದುಹೋದರೆ ಸಾಕೇ? ಆ ಹಳಿಯ ಮೇಲೆ ಆ ಊರಿನವರಿಗಾಗಿಯೇ ಓಡುವ ಗಾಡಿ ಬೇಡವೇ?

ಮೊದಲು ದೊಡ್ಡ ರೈಲು ಈ ಸೀಮೆಗೆ ಹೇಗೆ ಬಂತು ಅಂತ ನೋಡಿಬಿಡೋಣ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಭೀಕರ ಬರಗಾಲ ಹಿಡಿಯಿತು. ಹಿರಿಯರು ಅದನ್ನು ಧಾತು ಈಶ್ವರ ಬರ ಅನ್ನುತ್ತಿದ್ದರು. ಲಕ್ಷಾಂತರ ಜನ ಸತ್ತರು. ನಮ್ಮ ಈ ಸೀಮೆಗೆ ಧಾನ್ಯ ತಲುಪಿಸಲು ಎತ್ತಿನ ಗಾಡಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ದಾರಿಯಲ್ಲಿ ಎತ್ತಿಗೂ ಮೇವಿಲ್ಲ, ನೀರಿಲ್ಲ. ಈ ಬರದ ನಂತರ ಮೈಸೂರು ಸಂಸ್ಥಾನ ರೈಲಿನ ಕೆಲಸಕ್ಕೆ ಗಟ್ಟಿಯಾಗಿ ಕೈಹಾಕಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ ಕಡೆಗೆ ಹಳಿ ಬಂತು. ಮುಂದಿನ ಭಾಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿತು. 1889ರ ಹೊತ್ತಿಗೆ ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರಗಳನ್ನು ದಾಟಿ ಹಳಿ ಹರಿಹರದವರೆಗೆ ಹೋಯಿತು. ಹತ್ತು ವರ್ಷದ ನಂತರ, 1899ರಲ್ಲಿ, ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಒಡೆಯಿತು.

ಇಲ್ಲಿ ಒಂದು ಮಾತು ಗಮನಿಸಿ. ಆಗ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. 1947ರವರೆಗೂ ಅದೇ ಹೆಸರು. ಆದರೆ ಜಿಲ್ಲೆಯ ಕಚೇರಿಗಳು ಇದ್ದದ್ದು ಚಿಕ್ಕಮಗಳೂರಿನಲ್ಲಿ. ರೈಲು ಬಂದದ್ದು ಜಿಲ್ಲೆಯ ಅಂಚಿನ ಬಯಲು ಊರುಗಳಿಗೆ. ಹೊಲ, ತೆಂಗಿನ ತೋಟ, ಕೆರೆಯ ಏರಿಗಳ ನಡುವೆ ಸಮತಟ್ಟು ನೆಲದಲ್ಲಿ ಹಳಿ ಹಾಸುವುದು ಸುಲಭ. ಮಲೆನಾಡಿನ ಒಳಗೆ ಹಾಗಲ್ಲ. ಅಲ್ಲಿ ಬೆಟ್ಟ, ಹಳ್ಳ, ದಟ್ಟ ಕಾಡು. ಜೊತೆಗೆ ಮಲೇರಿಯ ಜ್ವರ. ಜನ ಕಡಿಮೆ. ಅಂಥ ಕಡೆ ದೊಡ್ಡ ರೈಲು ಹಾಕಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ ಅನ್ನುವುದು ಆಗಿನ ಲೆಕ್ಕ.

ಹೀಗೆ ಬಯಲಿನ ಊರುಗಳಿಗೆ 1889ರಲ್ಲೇ ರೈಲು ಸಿಕ್ಕಿತು, ಮಲೆನಾಡು ಹೊರಗೆ ಉಳಿಯಿತು. ಆ ಕೊರತೆಗೆ ಸಿಕ್ಕ ಉತ್ತರವೇ ತರೀಕೆರೆಯ ಸಣ್ಣ ರೈಲು. ಈಗ ಅದರ ವಿಷಯ ಹೇಳುತ್ತೇನೆ.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ವರ್ಷಗಳಲ್ಲಿ ಸಂಸ್ಥಾನದಲ್ಲಿ ಹಗುರ ರೈಲಿನ ಒಂದು ಹುರುಪೇ ಎದ್ದಿತ್ತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಸಣ್ಣ ರೈಲು ಬಂತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಬಂತು. ಇವೆರಡರಲ್ಲೂ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ. ಅದೇ ದಶಕದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಹಳಿ ಹಾಸಿದರು. ಇದರ ಅಂತರ ಇನ್ನೂ ಕಡಿಮೆ. ಬರೀ ಎರಡು ಅಡಿ.

ಎರಡು ಅಡಿ ಎಂದರೆ ಎಷ್ಟು? ಕೈ ಮಡಿಸಿ ಮೊಣಕೈಯಿಂದ ಬೆರಳ ತುದಿಗೆ ಅಳೆಯಿರಿ. ಅದು ಒಂದು ಮೊಳ. ಅದಕ್ಕೆ ಒಂದು ಗೇಣಿನ ಮೂರರಲ್ಲಿ ಎರಡು ಪಾಲು ಸೇರಿಸಿ. ಅಷ್ಟೇ. ಇವತ್ತು ಕಡೂರಿನಲ್ಲಿ ನೀವು ನೋಡುವ ಹಳಿಯ ಅಂತರ ಐದೂವರೆ ಅಡಿ. ಡಾರ್ಜಿಲಿಂಗ್ ಬೆಟ್ಟ ಹತ್ತುವ ಪುಟ್ಟ ರೈಲನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. ಅದರದೂ ಎರಡು ಅಡಿಯೇ. ನಮ್ಮ ತರೀಕೆರೆ ರೈಲು ಅದೇ ಅಳತೆಯದು.

ಉದ್ದ ಸುಮಾರು 27 ಮೈಲಿ. ಇಂದಿನ ಲೆಕ್ಕದಲ್ಲಿ ಸುಮಾರು 43 ಕಿಲೋಮೀಟರ್. ಈ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

ನರಸಿಂಹರಾಜಪುರದ ಹಳೆಯ ಹೆಸರು ಯಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅಲ್ಲಿಗೆ ಬಂದ ನೆನಪಿಗೆ ಊರಿಗೆ ಹೊಸ ಹೆಸರು ಬಂತು. ತರೀಕೆರೆಗೂ ಆ ಊರಿಗೂ ನಡುವೆ ಇದ್ದದ್ದು ಲಕ್ಕವಳ್ಳಿ ಸೀಮೆಯ ಕಾಡು. ತೇಗ, ಮತ್ತಿ, ಹೊನ್ನೆ, ಬಿದಿರಿನ ಕಾಡು. ಎತ್ತಿನ ಗಾಡಿಯಲ್ಲಿ ಆ ದಾರಿ ಸಾಗಬೇಕಾದರೆ ಒಂದಿಡೀ ಹಗಲು ಸಾಲದು. ಮಳೆಗಾಲದಲ್ಲಿ ಗಾಡಿಯ ಗಾಲಿ ಕೆಸರಲ್ಲಿ ಹೂತರೆ ಎರಡು ದಿನವೂ ಹಿಡಿಯಬಹುದು.

ಎರಡಡಿ ಹಳಿಯ ಉಪಕಾರ ಇಲ್ಲಿಯೇ. ಹಳಿ ಚಿಕ್ಕದು, ಕಬ್ಬಿಣ ಕಡಿಮೆ. ಎಂಜಿನ್ ಚಿಕ್ಕದು, ಸೇತುವೆಯೂ ಹಗುರವಾಗಿದ್ದರೆ ಸಾಕು. ಬೆಟ್ಟದ ಮೈಗೆ ಒತ್ತಿಕೊಂಡು ಕಡಿದಾದ ತಿರುವಿನಲ್ಲೂ ಗಾಡಿ ಹೊರಳುತ್ತದೆ. ದೊಡ್ಡ ರೈಲಿಗೆ ಬೆಟ್ಟ ಕಡಿಯಬೇಕಾದ ಕಡೆ ಸಣ್ಣ ರೈಲು ಬೆಟ್ಟವನ್ನು ಸುತ್ತಿಕೊಂಡು ಹೋಗುತ್ತದೆ. ವೇಗ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಮಲೆನಾಡಿನ ಅಡಕೆ, ಕಾಫಿ, ಮರಮುಟ್ಟು ಬಯಲಿಗೆ ಇಳಿಯಲು ಅಷ್ಟು ಸಾಕಿತ್ತು.

ಅದೇ ಸೀಮೆಗೆ ಇನ್ನೊಂದು ದೊಡ್ಡ ಸಂಗತಿಯೂ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಕೆಲಸ ಶುರುವಾದದ್ದು 1918ರಲ್ಲಿ. ಕುಲುಮೆ ಹೊತ್ತಿದ್ದು 1923ರಲ್ಲಿ. ಆ ಕುಲುಮೆಗೆ ಕಲ್ಲಿದ್ದಲಲ್ಲ, ಕಾಡಿನ ಕಟ್ಟಿಗೆಯನ್ನು ಸುಟ್ಟ ಇದ್ದಲು. ಅದಿರು ಬರುತ್ತಿದ್ದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ತಣಿಗೆಬೈಲಿನವರೆಗೆ ಅದಿರನ್ನು ತಂತಿಯ ಮೇಲೆ ತೂಗುಬುಟ್ಟಿಗಳಲ್ಲಿ ಇಳಿಸುತ್ತಿದ್ದರು. ಅಲ್ಲಿಂದ ಭದ್ರಾವತಿಗೆ ಟ್ರಾಂ ಹಳಿ. ಕಾಡಿನೊಳಗಿನ ಕಟ್ಟಿಗೆಗೂ ಟ್ರಾಂ ಹಳಿ. ಅಂದರೆ 20ನೇ ಶತಮಾನದ ಮೊದಲರ್ಧದಲ್ಲಿ ತರೀಕೆರೆ ಮತ್ತು ಭದ್ರಾವತಿಯ ಕಾಡುಗಳ ಒಳಗೆ ಸಣ್ಣ ಹಳಿಗಳ ಒಂದು ಬಲೆಯೇ ಇತ್ತು. ಕೇಳುಗರೇ, ಇದು ನಮ್ಮ ಚರಿತ್ರೆಯ ದೊಡ್ಡ ಸಂಗತಿ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟವಾದರೂ ಸಿಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಷ್ಟು ಹೇಳಿದೆ. ಮಲೆನಾಡಿಗೆ ಹಗುರ ರೈಲು ಬಂತು, ಅಗ್ಗದಲ್ಲಿ ಬಂತು, ಕಾಡು ದಾಟಿ ಹೋಯಿತು. ಹಾಗಾದರೆ ಅದು ಏಕೆ ಉಳಿಯಲಿಲ್ಲ? ಈಗ ಆ ಮಾತು.

ಸಣ್ಣ ರೈಲಿಗೆ ಹುಟ್ಟಿನಿಂದಲೇ ಒಂದು ತೊಡಕಿತ್ತು. ತರೀಕೆರೆಗೆ ಬಂದ ಅಡಕೆಯ ಮೂಟೆ ಅದೇ ಗಾಡಿಯಲ್ಲಿ ಮುಂದೆ ಬೆಂಗಳೂರಿಗೆ ಹೋಗುವಂತಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹಳಿ ಆಗ ಮೀಟರ್ ಗೇಜು. ಅಂದರೆ ಮೂರಡಿಗಿಂತ ಸ್ವಲ್ಪ ಹೆಚ್ಚು. ಎರಡಡಿಯ ಗಾಡಿ ಅದರ ಮೇಲೆ ಓಡದು. ಪ್ರತಿ ಮೂಟೆಯನ್ನೂ ಹಮಾಲರು ಒಂದರಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕೂಲಿ ಹೆಚ್ಚು, ಹೊತ್ತು ಹೆಚ್ಚು, ಮಳೆಯಲ್ಲಿ ನೆನೆದು ಹಾಳಾಗುವುದೂ ಹೆಚ್ಚು.

ಎರಡನೆಯದು ಮೋಟಾರು ಬಸ್ಸು, ಲಾರಿ. ಬಸ್ಸು ಮನೆಯ ಬಾಗಿಲಿಗೆ ಹತ್ತಿರ ನಿಲ್ಲುತ್ತದೆ. ಲಾರಿ ತೋಟದ ಕಣಕ್ಕೇ ಬರುತ್ತದೆ. ಇಡೀ ನಾಡಿನಲ್ಲಿ ಸಣ್ಣ ರೈಲುಗಳಿಗೆ ಪೆಟ್ಟು ಬಿದ್ದದ್ದು ಇದರಿಂದ. ಮುಂದೆ ಭದ್ರಾ ಅಣೆಕಟ್ಟು ಬಂತು. 1940ರ ದಶಕದ ಕೊನೆಗೆ ಶುರುವಾಗಿ 1960ರ ದಶಕದಲ್ಲಿ ಮುಗಿದ ಕೆಲಸ. ಲಕ್ಕವಳ್ಳಿಯ ಹತ್ತಿರ ಭದ್ರೆ ನಿಂತಳು. ಅವಳ ಹಿಂದಿನ ಕಣಿವೆಯಲ್ಲಿ ನರಸಿಂಹರಾಜಪುರ ಸೀಮೆಯ ಹಳ್ಳಿಗಳು, ಗದ್ದೆಗಳು, ಕಾಡು ಮುಳುಗಿದವು. ಆ ಕಡೆಯ ನೆಲದ ನಕ್ಷೆಯೇ ಬದಲಾಯಿತು.

ಕೋಲಾರದ ಸಣ್ಣ ರೈಲು ಮಾತ್ರ ಇನ್ನೂ ಬಹಳ ಕಾಲ ಬದುಕಿತ್ತು. ಮುಂದೆ ಒಂದು ಕಾಲದಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ರೈಲ್ ಬಸ್ಸು ಓಡುತ್ತಿತ್ತು. ಬಸ್ಸಿನಂಥದೇ ಗಾಡಿ, ಆದರೆ ಹಳಿಯ ಮೇಲೆ. ನಮ್ಮ ಮಲೆನಾಡಿನಲ್ಲೂ ಇಂಥದು ಇತ್ತು. ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಮೀಟರ್ ಗೇಜು ಇದ್ದ ಕಾಲದಲ್ಲಿ ರೈಲ್ ಬಸ್ಸು ಓಡಿದೆ. ಅದರಲ್ಲಿ ಕೂತು ಹೋದ ಕೇಳುಗರು ಈಗಲೂ ಬೇಕಾದಷ್ಟು ಜನ ಇದ್ದೀರಿ. ಹಗುರವಾದ ಗಾಡಿ, ಕಡಿಮೆ ಖರ್ಚು, ಸಣ್ಣ ಸಣ್ಣ ನಿಲ್ದಾಣಕ್ಕೂ ನಿಲುಗಡೆ. ಅದರ ತತ್ವ ಅಷ್ಟೇ.

ಆ ತತ್ವ ಹಳೆಯದಾಗಿ ಸತ್ತುಹೋಯಿತು ಎಂದು ನೀವು ತಿಳಿದರೆ, ಬನ್ನಿ, ಈಗ ಟ್ಯೂನಿಸ್ಸಿಗೆ ಹೋಗೋಣ.

ಟ್ಯುನೀಸಿಯಾ ಉತ್ತರ ಆಫ್ರಿಕಾದ ಒಂದು ಸಣ್ಣ ದೇಶ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ. ಟ್ಯೂನಿಸ್ ಅದರ ರಾಜಧಾನಿ. ಸುತ್ತಲಿನ ಊರುಗಳೂ ಸೇರಿ ಜನಸಂಖ್ಯೆ 25 ಲಕ್ಷಕ್ಕೂ ಹೆಚ್ಚು. ಊರಿಗೂ ಸಮುದ್ರಕ್ಕೂ ನಡುವೆ ಆಳವಿಲ್ಲದ ಒಂದು ದೊಡ್ಡ ಸರೋವರ ಇದೆ. 1872ರಲ್ಲೇ ಟ್ಯೂನಿಸ್ಸಿನಿಂದ ಕಡಲ ದಡದ ಊರುಗಳಾದ ಲ ಗುಲೆಟ್ ಮತ್ತು ಲ ಮಾರ್ಸಾಕ್ಕೆ ರೈಲು ಬಂತು. ಅದು ಆ ದೇಶದ ಮೊದಲ ರೈಲು. ಹಾಕಿದ್ದು ಒಂದು ಇಂಗ್ಲಿಷ್ ಕಂಪನಿ. ಈಗ ಆ ರೈಲು ಸರೋವರದ ನಡುವೆ ಕಟ್ಟಿದ ಏರಿಯ ಮೇಲೆ ಓಡುತ್ತದೆ. ಎಡಕ್ಕೂ ನೀರು, ಬಲಕ್ಕೂ ನೀರು. ಮುಂದೆ ಅದು ಪ್ರಾಚೀನ ಕಾರ್ಥೇಜ್ ನಗರ ಇದ್ದ ಜಾಗದಲ್ಲಿ ನಿಲ್ಲುತ್ತದೆ. ಒಂದು ನಿಲ್ದಾಣದ ಹೆಸರು ಹ್ಯಾನಿಬಲ್. ರೋಮ್ ಗಣರಾಜ್ಯವನ್ನು ನಡುಗಿಸಿದ ಸೇನಾಪತಿಯ ಹೆಸರು.

ನಗರದ ಒಳಗೆ ಟ್ರಾಂ ಇತ್ತು. ಮೊದಲು ಕುದುರೆ ಎಳೆಯುತ್ತಿತ್ತು, ಆಮೇಲೆ ವಿದ್ಯುತ್ತಿನಿಂದ ಓಡಿತು. 1960ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಬಸ್ಸು ಸಾಕು ಅನ್ನುವ ಕಾಲ ಅದು. ಮದ್ರಾಸಿನಲ್ಲೂ ಹಾಗೇ ಆಯಿತು. ಅಲ್ಲಿ 1953ರಲ್ಲಿ ಟ್ರಾಂ ನಿಂತಿತು. ಆದರೆ ಟ್ಯೂನಿಸ್ ಮುಂದೆ ಒಂದು ಕೆಲಸ ಮಾಡಿತು. 25 ವರ್ಷ ಕಳೆದ ಮೇಲೆ, 1985ರಲ್ಲಿ, ಹಗುರ ರೈಲನ್ನು ಮತ್ತೆ ತಂದಿತು. ಕೈಬಿಟ್ಟದ್ದನ್ನು ಹೊಸ ರೂಪದಲ್ಲಿ ಮರಳಿ ಕಟ್ಟಿತು. ಅರಬ್ ಲೋಕದಲ್ಲೂ ಆಫ್ರಿಕಾದಲ್ಲೂ ಇಂಥ ಕೆಲಸಕ್ಕೆ ಮೊದಲು ಮುಂದಾದ ಊರುಗಳಲ್ಲಿ ಅದು ಒಂದು.

ಆ ಗಾಡಿ ಹೇಗಿದೆ ಎಂದು ಕೇಳಿ. ಎರಡು ಮೂರು ಬೋಗಿ ಒಂದಕ್ಕೊಂದು ಬಾಗುವಂತೆ ಜೋಡಿಸಿದ್ದಾರೆ. ಮೇಲೆ ವಿದ್ಯುತ್ ತಂತಿ. ಸುರಂಗ ಇಲ್ಲ, ಆಕಾಶದ ಸೇತುವೆಯೂ ಬಹಳ ಇಲ್ಲ. ಬೆಂಗಳೂರಿನ ನಮ್ಮ ಮೆಟ್ರೋದಂತೆ ಕಂಬಗಳ ಮೇಲೆ ಅಲ್ಲ, ಹೆಚ್ಚಿನ ಕಡೆ ನೆಲದ ಮೇಲೇ, ರಸ್ತೆಯ ನಡುವಿನ ಅಥವಾ ಪಕ್ಕದ ಜಾಗದಲ್ಲಿ ಓಡುತ್ತದೆ. ಆದ್ದರಿಂದ ಖರ್ಚು ಕಡಿಮೆ. ಮುಖ್ಯ ರೈಲು ನಿಲ್ದಾಣದ ಪಕ್ಕದ ಬಾರ್ಸಿಲೋನಾ ಚೌಕದಲ್ಲಿ ಹಲವು ಮಾರ್ಗಗಳು ಕೂಡುತ್ತವೆ. ದೂರದ ರೈಲು ಇಳಿದವರು ಕೆಲವು ಹೆಜ್ಜೆ ನಡೆದು ಹಗುರ ರೈಲು ಹತ್ತುತ್ತಾರೆ. 2003ರಲ್ಲಿ ನಗರದ ಬಸ್ಸು ಸಂಸ್ಥೆ ಮತ್ತು ಹಗುರ ರೈಲಿನ ಸಂಸ್ಥೆ ಎರಡನ್ನೂ ಕೂಡಿಸಿ ಒಂದೇ ಸಂಸ್ಥೆ ಮಾಡಿದರು. ಬಸ್ಸೂ ರೈಲೂ ಒಂದೇ ಮನೆಯ ಕೆಲಸವಾಯಿತು.

ಈಗ ಆ ನೆನಪಿಟ್ಟ ಸಂಖ್ಯೆ ತೆಗೆಯಿರಿ. ತರೀಕೆರೆಯ ಸಣ್ಣ ರೈಲು ಸುಮಾರು 43 ಕಿಲೋಮೀಟರ್. ಟ್ಯೂನಿಸ್ಸಿನ ಹಗುರ ರೈಲಿನ ಆರು ಮಾರ್ಗಗಳೂ ಸೇರಿ ಸುಮಾರು 45 ಕಿಲೋಮೀಟರ್. ನಮ್ಮ ಕಡೂರಿನಿಂದ ಚಿಕ್ಕಮಗಳೂರಿಗೆ ಇರುವ ಹಳಿ 46 ಕಿಲೋಮೀಟರ್. ಮೂರೂ ಹೆಚ್ಚುಕಡಿಮೆ ಒಂದೇ ಉದ್ದ. ಆದರೆ ಟ್ಯೂನಿಸ್ ಆ 45 ಕಿಲೋಮೀಟರಿನಲ್ಲಿ 60ಕ್ಕೂ ಹೆಚ್ಚು ನಿಲ್ದಾಣ ಇಟ್ಟಿದೆ. ನಮ್ಮ 46 ಕಿಲೋಮೀಟರಿನಲ್ಲಿ ಇರುವ ನಿಲ್ದಾಣಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಓಡುವ ಗಾಡಿಗಳೂ ದಿನಕ್ಕೆ ಕೆಲವೇ.

ಅದು ಲಕ್ಷಾಂತರ ಜನರ ರಾಜಧಾನಿ, ಇದು ಹೊಲ ತೋಟಗಳ ನಡುವಿನ ದಾರಿ ಎಂದು ನೀವು ಹೇಳಬಹುದು. ಸರಿಯಾದ ಮಾತು. ಕಡೂರಿಗೆ ಹತ್ತು ನಿಮಿಷಕ್ಕೊಂದು ಗಾಡಿ ಯಾರೂ ಕೇಳುತ್ತಿಲ್ಲ. ಅರ್ಧ ಕಿಲೋಮೀಟರಿಗೊಂದು ನಿಲ್ದಾಣವೂ ಬೇಡ. ನಾನು ಟ್ಯೂನಿಸ್ಸಿನಿಂದ ತರಬೇಕು ಅನ್ನುವುದು ಗಾಡಿಯನ್ನಲ್ಲ, ಒಂದು ನಂಬಿಕೆಯನ್ನು. ಹಳಿಯ ಪಕ್ಕದಲ್ಲಿ ಬದುಕುವವರು ದಿನವೂ ಆ ಹಳಿಯ ಮೇಲೆ ಹೋಗಿಬರಬೇಕು ಅನ್ನುವ ನಂಬಿಕೆ. ಟ್ಯೂನಿಸ್ಸಿನಲ್ಲೂ ಎಲ್ಲವೂ ಚೆನ್ನಾಗಿಲ್ಲ. ಗಾಡಿಗಳು ಹಳೆಯವಾಗಿವೆ. ನೂಕುನುಗ್ಗಲು ಹೆಚ್ಚಿದೆ. ಕಟ್ಟಿದ್ದನ್ನು ಕಾಪಾಡಿಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಆ ಊರು ಸಾಕ್ಷಿ.

ಈವರೆಗೆ ಎರಡು ಮಾತು ಆಯಿತು. ನಮ್ಮಲ್ಲಿ ಹಗುರ ರೈಲು ಇತ್ತು, ಹೋಯಿತು. ಟ್ಯೂನಿಸ್ಸಿನಲ್ಲಿ ಹೋದದ್ದು ಮತ್ತೆ ಬಂತು. ಈಗ ಮೂರನೆಯದು, ನಮ್ಮ ಇಂದಿನ ಹಳಿಗಳು.

ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರ ನವೆಂಬರಿನಲ್ಲಿ. ಕಡೂರಿಗೆ ಬಂದದ್ದು 1889ರ ಹೊತ್ತಿಗೆ. ಕಡೂರಿನಿಂದ ಸಖರಾಯಪಟ್ಟಣದ ಮೇಲೆ ಜಿಲ್ಲಾ ಕೇಂದ್ರಕ್ಕೆ 46 ಕಿಲೋಮೀಟರ್ ಹಳಿ ಹಾಸಲು 120 ವರ್ಷಕ್ಕೂ ಹೆಚ್ಚು ಬೇಕಾಯಿತು. ಒಂದು ಜಿಲ್ಲೆಯ ಐದಾರು ತಲೆಮಾರು ಕಾದಿದೆ. ಅಷ್ಟು ಕಾದು ಪಡೆದ ಹಳಿ ದಿನದ ಹೆಚ್ಚಿನ ಹೊತ್ತು ಖಾಲಿ ಬಿದ್ದಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಈ ಸೀಮೆಯ ಹಳಿಗಳನ್ನು ಕಣ್ಣುಮುಚ್ಚಿ ಒಮ್ಮೆ ಊಹಿಸಿಕೊಳ್ಳಿ. ಕಡೂರು ಒಂದು ಗಂಟು. ಅಲ್ಲಿಂದ ಒಂದು ಹಳಿ ಚಿಕ್ಕಮಗಳೂರಿಗೆ ಹೋಗುತ್ತದೆ. ಆರು ಕಿಲೋಮೀಟರ್ ಆಚೆ ಬೀರೂರು ಇನ್ನೊಂದು ಗಂಟು. ಅಲ್ಲಿಂದ ಒಂದು ಹಳಿ ಉತ್ತರಕ್ಕೆ, ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್, ಚಿಕ್ಕಜಾಜೂರು ಕಡೆಗೆ. ಇನ್ನೊಂದು ಹಳಿ ವಾಯವ್ಯಕ್ಕೆ, ತರೀಕೆರೆ, ಮಸರಹಳ್ಳಿ, ಭದ್ರಾವತಿ, ಶಿವಮೊಗ್ಗ ಕಡೆಗೆ. ದಕ್ಷಿಣಕ್ಕೆ ಅರಸೀಕೆರೆ. ಎರಡು ಗಂಟು, ನಾಲ್ಕು ದಿಕ್ಕು. ನಾಲ್ಕೂ ದಿಕ್ಕಿನಲ್ಲಿ ಊರುಗಳಿವೆ. ತೆಂಗು, ಕೊಬ್ಬರಿ, ಅಡಕೆ, ಈರುಳ್ಳಿಯ ವ್ಯಾಪಾರ ಇದೆ. ಕಾಲೇಜು ಇದೆ, ಆಸ್ಪತ್ರೆ ಇದೆ. ಹಳಿ ಎಲ್ಲ ಬ್ರಾಡ್ ಗೇಜು. ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಹೊಸದಾಗಿ ಭೂಮಿ ಕೊಳ್ಳಬೇಕಾಗಿಲ್ಲ. ಹೊಸ ಕಾಡು ಕಡಿಯಬೇಕಾಗಿಲ್ಲ.

ಕೊರತೆ ಏನು? ಈ ಹಳಿಗಳ ಮೇಲೆ ಹೋಗುವ ಗಾಡಿಗಳಲ್ಲಿ ಹೆಚ್ಚಿನವು ದೂರದವು. ಬೆಂಗಳೂರಿನಿಂದ ಹುಬ್ಬಳ್ಳಿ, ಶಿವಮೊಗ್ಗ, ಮುಂಬಯಿ ಕಡೆಗೆ. ಹಲವು ಗಾಡಿಗಳು ಅಜ್ಜಂಪುರದಲ್ಲಿ ನಿಲ್ಲುವುದೇ ಇಲ್ಲ. ಭದ್ರಾ ನಾಲೆ ಹೊಲದ ಪಕ್ಕದಲ್ಲೇ ತುಂಬಿ ಹರಿದರೂ ತೂಬು ಇಲ್ಲದಿದ್ದರೆ ಪೈರಿಗೆ ಹನಿ ನೀರು ಸಿಗದು. ಅಜ್ಜಂಪುರದ ರೈತನಿಗೆ ಆ ಎಕ್ಸ್‌ಪ್ರೆಸ್ ಗಾಡಿಗಳು ಹಾಗೆಯೇ.

ಅಜ್ಜಂಪುರ ಇತ್ತೀಚೆಗೆ ತಾಲ್ಲೂಕು ಕೇಂದ್ರವಾಗಿದೆ. ಅಮೃತ ಮಹಲ್ ತಳಿಯ ದನಗಳ ಸಾಕಣೆ ಕೇಂದ್ರ ಅಲ್ಲಿದೆ, 1929ರಿಂದ. ಅಲ್ಲಿಯವರಿಗೆ ಜಿಲ್ಲಾ ಕೇಂದ್ರದಲ್ಲಿ ಕೆಲಸ ಬಿದ್ದರೆ ಚಿಕ್ಕಮಗಳೂರಿಗೆ ಹೋಗಬೇಕು. ಹಳಿಯ ಮೇಲೆ ಅದು ಸುಮಾರು 70 ಕಿಲೋಮೀಟರ್. ಅಜ್ಜಂಪುರ, ಬೀರೂರು, ಕಡೂರು, ಚಿಕ್ಕಮಗಳೂರು. ಬೆಳಿಗ್ಗೆ ಕಚೇರಿ ಹೊತ್ತಿಗೆ ತಲುಪಿಸಿ ಸಂಜೆ ಮರಳಿ ತರುವ ಒಂದು ಸಣ್ಣ ಗಾಡಿ ಓಡಿದರೆ ಎಷ್ಟು ಜನಕ್ಕೆ ಅನುಕೂಲ! ಕಡೂರು, ತರೀಕೆರೆಯ ಮಕ್ಕಳು ಕುವೆಂಪು ವಿಶ್ವವಿದ್ಯಾಲಯಕ್ಕೆ, ಶಿವಮೊಗ್ಗದ ಕಾಲೇಜುಗಳಿಗೆ ಹೋಗುತ್ತಾರೆ. ರೋಗಿಗಳು ಶಿವಮೊಗ್ಗದ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅವರಿಗೆ ಬೇಕಾದದ್ದು ರಾತ್ರಿಯ ಎಕ್ಸ್‌ಪ್ರೆಸ್ ಅಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಎರಡು.

ಎಲ್ಲದಕ್ಕೂ ರೈಲೇ ಪರಿಹಾರ ಅಂತ ನಾನು ಹೇಳುವುದಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಹೋಗಬೇಕೆನ್ನಿ. ಹಳಿಯ ಮೇಲೆ ಹೊರಟರೆ ಮೊದಲು ಬೀರೂರಿಗೆ ಇಳಿಯಬೇಕು. ಅಲ್ಲಿ ದಿಕ್ಕು ತಿರುಗಿಸಿ ಮತ್ತೆ ಮೇಲೆ ಹೋಗಬೇಕು. ಅದು ಸುತ್ತು. ನೇರ ರಸ್ತೆ ಇದೆ, ಅದಕ್ಕೆ ಬಸ್ಸೇ ಸರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ಹಾಗಾಗಿ ರೈಲು ಬಸ್ಸಿನ ಜೊತೆ ಜಗಳ ಆಡಬಾರದು. ಟ್ಯೂನಿಸ್ಸಿನಂತೆ ಎರಡೂ ಕೈಜೋಡಿಸಬೇಕು. ಗಾಡಿ ಬರುವ ಹೊತ್ತಿಗೆ ನಿಲ್ದಾಣದ ಬಾಗಿಲಲ್ಲಿ ಹಳ್ಳಿಯ ಬಸ್ಸು ನಿಂತಿರಬೇಕು.

ಇಷ್ಟಾಯಿತು. ಹಳಿ ಇದೆ, ಊರಿದೆ, ಅಗತ್ಯ ಇದೆ. ಇನ್ನು ಕೊನೆಯ ಮಾತು. ಇದನ್ನು ಮಾಡಲು ಆಗುತ್ತದೆಯೇ?

ತೊಡಕುಗಳಿವೆ. ದೊಡ್ಡದು ಒಂಟಿ ಹಳಿ. ಹುಬ್ಬಳ್ಳಿ ದಿಕ್ಕಿನ ಹಳಿ ಜೋಡಿಯಾಗಿದೆ. ಬೀರೂರಿನಿಂದ ಶಿವಮೊಗ್ಗಕ್ಕೆ ಇರುವುದು ಒಂದೇ ಹಳಿ. ಎದುರು ಬದುರು ಬರುವ ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಹುದು. ಒಂದು ಗಾಡಿ ತಡವಾದರೆ ಇನ್ನೊಂದೂ ಕಾಯಬೇಕು. ಆದ್ದರಿಂದ ಗಂಟೆಗೊಂದು ಗಾಡಿ ಬಿಡಲು ಆಗದು. ಆದರೆ ಎರಡು ಮೂರು ಗಂಟೆಗೊಂದು ಬಿಡಬಹುದು ಎಂಬುದು ನನ್ನ ಅನಿಸಿಕೆ. ವೇಳಾಪಟ್ಟಿ ಮಾಡುವವರು ಮನಸ್ಸು ಮಾಡಬೇಕು.

ಗಾಡಿಯೂ ಸಿದ್ಧವಾಗಿಯೇ ಇದೆ. ಅದರ ಹೆಸರು ಮೆಮು. ಬೆಂಗಳೂರಿನಿಂದ ಮೈಸೂರಿಗೆ, ತುಮಕೂರಿಗೆ ಈಗಾಗಲೇ ಓಡುತ್ತಿದೆ. ಅದಕ್ಕೆ ಬೇರೆ ಎಂಜಿನ್ ಜೋಡಿಸಬೇಕಾಗಿಲ್ಲ. ಮೋಟಾರು ಬೋಗಿಯಲ್ಲೇ ಇರುತ್ತದೆ. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇದೆ. ಕೊನೆಯ ನಿಲ್ದಾಣ ಬಂದಾಗ ಚಾಲಕರು ಈ ತುದಿಯಿಂದ ಇಳಿದು ಆ ತುದಿಗೆ ಹತ್ತಿದರೆ ಮುಗಿಯಿತು, ಗಾಡಿ ಮರಳಿ ಹೊರಡುತ್ತದೆ. ಎಂಜಿನ್ ಬಿಚ್ಚಿ ಸುತ್ತಿಸಿ ಮತ್ತೆ ಕಟ್ಟುವ ಕೆಲಸ ಇಲ್ಲ. ಇಂಥ ಗಾಡಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಐದಾರು ಕಿಲೋಮೀಟರಿಗೊಂದು ನಿಲ್ದಾಣ ಇರುವ ಕಡೆಗೆ ಇದಕ್ಕಿಂತ ತಕ್ಕ ಗಾಡಿ ಇಲ್ಲ. ಚಿಕ್ಕಮಗಳೂರು, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ಒಂದು ಓಟ. ಕಡೂರು, ಬೀರೂರು, ಅಜ್ಜಂಪುರ, ಚಿಕ್ಕಜಾಜೂರು ಇನ್ನೊಂದು ಓಟ. ಎರಡೂ ಓಟಗಳ ಹೊತ್ತು ಬೀರೂರಿನಲ್ಲಿ ಕೂಡಬೇಕು. ಆಗ ಅಜ್ಜಂಪುರದವರು ಬೀರೂರಿನಲ್ಲಿ ಇಳಿದು ಹತ್ತು ನಿಮಿಷದಲ್ಲಿ ಶಿವಮೊಗ್ಗದ ಗಾಡಿ ಹತ್ತಬಹುದು.

ಇದಕ್ಕೆ ಸಾವಿರಾರು ಕೋಟಿ ಬೇಡ. ಸಣ್ಣ ನಿಲ್ದಾಣಗಳಲ್ಲಿ ಎತ್ತರಿಸಿದ ಕಟ್ಟೆ, ಒಂದು ಸೂರು, ಒಂದು ನಲ್ಲಿ, ಒಂದು ಶೌಚಾಲಯ, ಮುದುಕರು ಹತ್ತಿಳಿಯುವಂಥ ಮೆಟ್ಟಿಲು. ಅಷ್ಟು ಬೇಕು.

ಹಿಂದೆ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು, 1881ರಿಂದ. ಊರೂರಿನ ಪ್ರತಿನಿಧಿಗಳು ಮೈಸೂರಿಗೆ ಹೋಗಿ ತಮ್ಮ ಸೀಮೆಗೆ ಏನು ಬೇಕು ಎಂದು ಎದ್ದು ನಿಂತು ಕೇಳುತ್ತಿದ್ದರು. ಕೆರೆ ಕೇಳಿದರು, ಶಾಲೆ ಕೇಳಿದರು, ರೈಲು ಕೇಳಿದರು. ಇವತ್ತು ನಮ್ಮ ಹಳಿಗಳು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ಆ ವಿಭಾಗಕ್ಕೆ ರೈಲು ಬಳಕೆದಾರರ ಸಲಹಾ ಸಮಿತಿ ಇದೆ. ಕೇಳುವುದಕ್ಕೆ ಜಾಗ ಇದೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕೇಳುಗರೇ, ನಿಮ್ಮಲ್ಲಿ ನನ್ನ ಬಿನ್ನಹ ಇದು. ಮುಂದಿನ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ, ನಿಮ್ಮ ಹಾಲಿನ ಸಂಘದಲ್ಲಿ, ಕಾಲೇಜಿನ ಸಭೆಯಲ್ಲಿ ಈ ಮಾತು ಎತ್ತಿ. ನಿಮ್ಮ ಊರಿನಿಂದ ಎಷ್ಟು ಜನ, ಯಾವ ಹೊತ್ತಿಗೆ, ಎಲ್ಲಿಗೆ ಹೋಗುತ್ತಾರೆ ಎಂದು ನೀವೇ ಕೂತು ಪಟ್ಟಿ ಮಾಡಿ. ಆ ಪಟ್ಟಿ ಇಲ್ಲದ ಅರ್ಜಿಗೆ ಬಲವಿಲ್ಲ. ಪಟ್ಟಿ ಸಮೇತ ಒಂದು ನಿರ್ಣಯ ಬರೆದು ಮೈಸೂರಿನ ವಿಭಾಗೀಯ ರೈಲ್ವೆ ಕಚೇರಿಗೆ ಕಳಿಸಿ. ಒಂದು ಪ್ರತಿ ನಿಮ್ಮ ಸಂಸದರಿಗೆ, ಒಂದು ಪ್ರತಿ ಶಾಸಕರಿಗೆ ಕೊಡಿ. ಉತ್ತರ ಬರುವವರೆಗೆ ಬಿಡಬೇಡಿ.